ಕಲಿಸುವವರ ಪೂರ್ವಾಪರ

ಹಿಂದುಸ್ತಾನಿ ಸಂಗೀತಗಾರರಲ್ಲಿ ಒಂದು ಒಳ್ಳೆಯ ರೂಢಿಯುಂಟು. ಗುರುವಿನ ಹೆಸರು ನಾಲಗೆಗೆ ಬಂದೊಡನೆ ಕೈ ತಾನಾಗಿ ಕಿವಿಯನ್ನು ಮುಟ್ಟುತ್ತದೆ. ಮಲ್ಲಿಕಾರ್ಜುನ ಮನಸೂರರು ಮೊದಲು ಮಿರಜಿನ ನೀಲಕಂಠಬುವಾ ಅವರಲ್ಲಿ, ಆಮೇಲೆ ಮಂಜಿಖಾನ್ ಮತ್ತು ಭುರ್ಜಿಖಾನ್ ಅವರಲ್ಲಿ ಕಲಿತರೆಂಬುದನ್ನು ಸಂಗೀತ ಬಲ್ಲವರೆಲ್ಲ ಬಲ್ಲರು. ಗಾಯಕನೊಬ್ಬ ಕೈಕೊಟ್ಟರೆ ಕೇಳುಗನಿಗಾಗುವ ನಷ್ಟ ಹೆಚ್ಚೆಂದರೆ ಒಂದು ಸಂಜೆ. ಅಲ್ಲಿಯೂ ಪೂರ್ವಾಪರವನ್ನು ವಿಚಾರಿಸುವ ನಾವು, ನಮ್ಮ ಮಣಿಕಟ್ಟನ್ನೂ ಕೊರಳನ್ನೂ ಇನ್ನೊಬ್ಬರ ಕೈಗೆ ಒಪ್ಪಿಸಿ ಕಲಿಯಬೇಕಾದ ವಿದ್ಯೆಯ ವಿಷಯದಲ್ಲಿ ಮಾತ್ರ, ಕಲಿಸುವವರ ಸೊಂಟದ ಪಟ್ಟಿಯ ಬಣ್ಣವೊಂದನ್ನು ನೋಡಿ ಸುಮ್ಮನಾಗುತ್ತೇವೆ. ಇದು ತರವಲ್ಲವೆಂಬುದು ನನ್ನ ಅಭಿಪ್ರಾಯ. ನಮ್ಮ ಕಾಲೇಜಿನ ವಿದ್ಯಾರ್ಥಿನಿಯರಿಗೆ ಆತ್ಮರಕ್ಷಣೆಯ ತರಗತಿ ಬೇಕೆಂಬ ಮಾತು ನಡೆದಿರುವ ಈ ವರ್ಷ ಅದನ್ನು ಹೇಳಿಬಿಡುವುದು ಮೇಲು.

ನಾನಿರುವ ಖೂಬಾ ಪ್ಲಾಟಿನಲ್ಲಿ ವಿದ್ಯುತ್ ಕಂಬಗಳನ್ನು ಓದುತ್ತ ನಡೆದರೆ ಸಾಕಷ್ಟು ಜ್ಞಾನ ದೊರೆಯುತ್ತದೆ. ಮೂವತ್ತು ದಿನಗಳಲ್ಲಿ ಇಂಗ್ಲಿಷು, ಬಾಡಿಗೆಗೆ ಕೋಣೆ, ಅದರ ಪಕ್ಕದಲ್ಲಿಯೇ ‘ಆತ್ಮರಕ್ಷಣೆ ಕಲಿಯಿರಿ’. ಚಿತ್ರದಲ್ಲಿ ಒಬ್ಬ ಮಹಾಶಯರ ಕಾಲು ಆಕಾಶಕ್ಕೇರಿದೆ. ಕೆಳಗೆ ‘ಬ್ಲ್ಯಾಕ್ ಬೆಲ್ಟ್’ ಎಂದಿದೆ, ಫೋನ್ ನಂಬರಿದೆ. ಅವರು ಯಾರಲ್ಲಿ ಕಲಿತರು, ಎಷ್ಟು ಕಾಲ ಕಲಿತರು, ಹಗಲೆಲ್ಲ ಏನು ಮಾಡುತ್ತಾರೆ ಎಂಬ ಮಾತೇ ಇಲ್ಲ.

ಹಿಂದಿನ ತಾಲೀಮಿನಲ್ಲಿ ಇದನ್ನು ಬರೆದು ಅಂಟಿಸುವ ಅಗತ್ಯವಿರಲಿಲ್ಲ. ಮೈಸೂರು ಸೀಮೆಯವರು ಗರಡಿ ಎನ್ನುವುದನ್ನು ನಮ್ಮ ಕಡೆ ತಾಲೀಮೆನ್ನುತ್ತಾರೆ. ಅಲ್ಲಿಯ ಉಸ್ತಾದರು ಯಾರ ಶಿಷ್ಯರು, ಯಾವ ಜಾತ್ರೆಯಲ್ಲಿ ಯಾರನ್ನು ಚಿತ್ತು ಮಾಡಿದರು, ಯಾರಿಂದ ಚಿತ್ತಾದರು ಎಂಬುದು ಓಣಿಯ ಮುದುಕಿಯರಿಗೂ ಗೊತ್ತಿರುತ್ತಿತ್ತು. ಹುಡುಗ ಮೊದಲು ಕಣದ ಕೆಂಪು ಮಣ್ಣನ್ನು ಅಗೆದು, ಎಣ್ಣೆ ಮಜ್ಜಿಗೆ ಬೆರೆಸಿ ಹದ ಮಾಡಬೇಕು. ದಂಡ, ಬೈಠಕ್ ತೆಗೆಯಬೇಕು. ಪಟ್ಟುಗಳ ಮಾತು ಆಮೇಲೆ. ಅಷ್ಟರೊಳಗೆ ಗುರುವಿಗೆ ಶಿಷ್ಯನೂ ಶಿಷ್ಯನಿಗೆ ಗುರುವೂ ಪರಿಚಯವಾಗಿರುತ್ತಿದ್ದರು. ಈ ಸೀಮೆಗೆ ಮಲ್ಲವಿದ್ಯೆ ಹೊಸದೇನೂ ಅಲ್ಲ. ಹುಮನಾಬಾದ ರಸ್ತೆಯಲ್ಲಿ ಕಮಲಾಪುರವನ್ನು ದಾಟಿ ಮುಂದಕ್ಕೆ ಹೋದರೆ ಸಿಗುವ ಕಲ್ಯಾಣದಲ್ಲಿ, ೧೨ನೆಯ ಶತಮಾನದ ಮೊದಲರ್ಧದಲ್ಲಿ ಆಳಿದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂದು ಒಂದು ಭಾಗವನ್ನೇ ಇಟ್ಟು, ಮಲ್ಲರ ತರಗತಿ, ಆಹಾರ, ಅಭ್ಯಾಸಗಳನ್ನು ವಿವರಿಸಿದ್ದಾನೆ. (ಕಮಲಾಪುರದ ಕೆಂಪು ಬಾಳೆಹಣ್ಣು ಆ ಆಹಾರದಲ್ಲಿ ಸೇರಿತ್ತೇ ಎಂದು ಕೇಳಬೇಡಿರಿ, ಸೇರಬೇಕಾಗಿತ್ತು ಎಂದಷ್ಟೇ ನಾನು ಹೇಳಬಲ್ಲೆ.) ಆದರೆ ಪ್ಲಾಟುಗಳು ಓಣಿಗಳಲ್ಲ. ಇಲ್ಲಿ ಪಕ್ಕದ ಮನೆಯವರ ಹೆಸರು ಗೇಟಿನ ಮೇಲಿನ ಫಲಕದಿಂದ ತಿಳಿಯಬೇಕು. ಓಣಿ ತಾನಾಗಿ ಇಟ್ಟುಕೊಂಡಿದ್ದ ಲೆಕ್ಕವನ್ನು ಇಲ್ಲಿ ನಾವು ಕೇಳಿಯೇ ಪಡೆಯಬೇಕಾಗಿದೆ.

ಏನನ್ನು ಕೇಳಬೇಕು? ಜಪಾನಿನ ಐಕಿಡೋ ಎಂಬ ವಿದ್ಯೆಯನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಎದುರಾಳಿಯ ವೇಗವನ್ನೇ ತಿರುಗಿಸಿ ಅವನನ್ನು ಉರುಳಿಸುವ, ಮಣಿಕಟ್ಟು ಮೊಣಕೈಗಳನ್ನು ಹಿಡಿದು ಕಟ್ಟಿಹಾಕುವ ವಿದ್ಯೆಯಿದು. ಇದರ ಮುಖ್ಯ ಪರಂಪರೆಯಲ್ಲಿ ಪಂದ್ಯಗಳೇ ಇಲ್ಲ. ಪಂದ್ಯವಿಲ್ಲದ ಮೇಲೆ ಪದಕವೂ ಇಲ್ಲ. ಕುಸ್ತಿಯ ಉಸ್ತಾದನನ್ನು ಕಣಕ್ಕೆ ಇಳಿಸಿ ಪರೀಕ್ಷಿಸಬಹುದು. ಐಕಿಡೋ ಕಲಿಸುವವನನ್ನು ಪರೀಕ್ಷಿಸಲು ಅವನ ಪೂರ್ವಾಪರ, ಅವನ ನಡತೆ ಇವೆರಡೇ ಸಾಧನಗಳು. ಕಲಿಯುವವರು ಜೋಡಿಯಾಗಿ ಕಲಿಯುತ್ತಾರೆ: ಒಬ್ಬ ಎಸೆಯುವವ, ಮತ್ತೊಬ್ಬ ಬೀಳುವವ. ಬೀಳುವುದೇ ಒಂದು ಶಾಸ್ತ್ರ, ಅದಕ್ಕೆ ಉಕೆಮಿ ಎಂದು ಹೆಸರು. ಕಲಿಸುವವನು ವರ್ಷಗಟ್ಟಲೆ ತಾನೇ ಬಿದ್ದು ಎದ್ದಿರದಿದ್ದರೆ, ನನ್ನ ಮಣಿಕಟ್ಟು ಎಲ್ಲಿಯವರೆಗೆ ತಿರುಗೀತೆಂಬುದು ಅವನಿಗೆ ತಿಳಿಯುವ ಬಗೆ ಹೇಗೆ?

ಈ ವಿದ್ಯೆಯನ್ನು ರೂಪಿಸಿದ ಮೊರಿಹೇಯಿ ಉಯೆಶಿಬಾ (೧೮೮೩–೧೯೬೯) ಅವರ ಪೂರ್ವಾಪರವನ್ನೇ ನೋಡಿರಿ. ಅವರು ರಷ್ಯಾ-ಜಪಾನ್ ಯುದ್ಧಕಾಲದಲ್ಲಿ ಸೈನಿಕರು. ೧೯೧೨ರಲ್ಲಿ ಹೊಕ್ಕಾಯಿಡೋದ ಕಾಡುಭೂಮಿಗೆ ಒಕ್ಕಲುಗಳ ತಂಡವನ್ನು ಕರೆದೊಯ್ದ ಮುಂದಾಳು. ೧೯೧೫ರಲ್ಲಿ ಅಲ್ಲಿಯೇ ತಕೆದಾ ಸೊಕಾಕು ಎಂಬ ಕಠಿಣ ಸ್ವಭಾವದ ಗುರುಗಳಲ್ಲಿ ದೈತೋ-ರ್ಯು ಎಂಬ ಹಳೆಯ ವಿದ್ಯೆಯನ್ನು ಕಲಿಯತೊಡಗಿದರು. ೧೯೩೧ರಲ್ಲಿ ಟೋಕಿಯೋದಲ್ಲಿ ಸ್ವಂತ ಶಾಲೆ ತೆರೆದ ಮೇಲೆ, ಶಿಫಾರಸಿಲ್ಲದೆ ಹೊಸಬರನ್ನು ಸೇರಿಸಿಕೊಳ್ಳುತ್ತಿರಲಿಲ್ಲವಂತೆ. ಗುರು ಶಿಷ್ಯನ ಪೂರ್ವಾಪರ ಕೇಳಬಹುದಾದರೆ ಶಿಷ್ಯನು ಗುರುವಿನದನ್ನು ಕೇಳಬಾರದೇಕೆ? ೧೯೪೨ರಲ್ಲಿ ಅವರು ಇವಾಮಾ ಎಂಬ ಹಳ್ಳಿಗೆ ಹೋಗಿ ಮತ್ತೆ ಬೇಸಾಯಕ್ಕೆ ಕೈಯಿಟ್ಟರು. ಅವರ ಶಿಷ್ಯರಲ್ಲಿ ಹೆಸರಾದವರು ಬರಿಗೈಯಲ್ಲಿ ಬಂದವರಲ್ಲ. ಕೆಂಜಿ ತೊಮಿಕಿ, ಗೋಝೋ ಶಿಯೋದಾ, ಕೊಯಿಚಿ ತೊಹೇಯಿ ಮೂವರೂ ಜೂಡೋ ಕಲಿತು ಬಂದವರು, ಮೂವರೂ ವಿಶ್ವವಿದ್ಯಾಲಯಗಳಲ್ಲಿ ಓದಿದವರು. ತೊಮಿಕಿಯವರಂತೂ ವಸೇದಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರೇ ಆಗಿ, ಐಕಿಡೋಗೂ ಪಂದ್ಯ ಬೇಕೆಂದು ಹಟ ಹಿಡಿದು ಬೇರೆ ದಾರಿ ಹಾಕಿದರು. ಗುರುವಿನ ಕಾಲಾನಂತರ ೧೯೭೪ರಲ್ಲಿ ತೊಹೇಯಿಯವರೂ ಬೇರೆಯಾದರು. ಈಗ ಎಲ್ಲ ಕವಲಿನವರೂ ತಮ್ಮದೇ ಮೂಲವೆನ್ನುತ್ತಾರೆ. ನಮ್ಮ ಘರಾನೆಗಳ ಜಗಳ ಬಲ್ಲವರಿಗೆ ಇದು ಅಚ್ಚರಿಯಲ್ಲ. ಆದುದರಿಂದ ಗುರುಪರಂಪರೆಯ ಹೆಸರೊಂದೇ ಸಾಕೆಂದು ನಾನು ಹೇಳುವುದಿಲ್ಲ; ಅದು ಮೊದಲ ಪ್ರಶ್ನೆ ಮಾತ್ರ.

ಇನ್ನು ಆ ಕಪ್ಪು ಪಟ್ಟಿ. ಈ ಪದ್ಧತಿ ಜೂಡೋದಿಂದ ಬಂದದ್ದು. ಜೂಡೋದ ಕರ್ತೃ ಜಿಗೊರೋ ಕಾನೋ (೧೮೬೦–೧೯೩೮) ಟೋಕಿಯೋ ವಿಶ್ವವಿದ್ಯಾಲಯದ ಪದವೀಧರರು, ಮೇಷ್ಟರು, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಟೋಕಿಯೋದ ಉಚ್ಚ ಶಿಕ್ಷಕ ಶಾಲೆಯ ಮುಖ್ಯಸ್ಥರು. ಅಂದರೆ ನಮ್ಮಂಥ ಆರ್ಟ್ಸ್ ಕಾಲೇಜಿನ ಜಾತಿಗೆ ಸೇರಿದವರೇ. ಕಪ್ಪು ಪಟ್ಟಿಯ ಮೊದಲ ಮೆಟ್ಟಿಲಿಗೆ ಶೋದಾನ್ ಎಂದು ಹೆಸರು. ಆ ಮಾತಿನ ಅರ್ಥ ‘ಆರಂಭದ ದರ್ಜೆ’. ಅಕ್ಷರಾಭ್ಯಾಸ ಮುಗಿಯಿತು, ಇನ್ನು ಓದು ಸುರುವಾಗಬೇಕು ಎಂಬುದಕ್ಕೆ ಕಟ್ಟುವ ಪಟ್ಟಿಯನ್ನು ನಾವು ಪಾಂಡಿತ್ಯದ ಪದವಿಯೆಂದು ತಿಳಿದಿದ್ದೇವೆ.

ನಮ್ಮ ದೇಶಕ್ಕೆ ಜೂಡೋ ಬಂದ ಬಗೆಯೂ ನೆನೆಯತಕ್ಕದ್ದು. ೧೯೨೯ರಲ್ಲಿ ರವೀಂದ್ರನಾಥ ಠಾಕೂರರು ಶಿಂಝೋ ತಕಾಗಾಕಿ ಎಂಬ ಜಪಾನಿ ಶಿಕ್ಷಕರನ್ನು ಶಾಂತಿನಿಕೇತನಕ್ಕೆ ಕರೆಸಿದರು. ಹುಡುಗಿಯರೂ ಕಲಿತರು. ಕವಿಗಳು ತಂದದ್ದು ಯಾರನ್ನೋ ಅಲ್ಲ, ಕಾನೋ ಅವರ ಕೊದೊಕಾನ್ ಶಾಲೆಯಲ್ಲಿ ಪಳಗಿದವರನ್ನು. ನಮ್ಮ ನಾಡಿನಲ್ಲಿಯೇ ನೋಡುವುದಾದರೆ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಕೆ. ವಿ. ಅಯ್ಯರ್ ಇದ್ದರು. ಅಂಗಸಾಧನೆಯಲ್ಲಿ ದೇಶವಿದೇಶಗಳಿಗೆ ಪರಿಚಿತರಾದ ಆ ಉಸ್ತಾದರೇ ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳನ್ನು ಬರೆದವರು, ಕೈಲಾಸಂ ಅವರ ಒಡನಾಡಿ. ತೋಳು ಬೆಳೆಸುವವನಿಗೆ ಕನ್ನಡ ಬಾರದೆಂದು ಭಾವಿಸುವ ನಮ್ಮ ಪಂಡಿತ ಮಿತ್ರರು ಒಮ್ಮೆ ‘ಶಾಂತಲಾ’ವನ್ನು ತೆರೆದು ನೋಡಬಹುದು.

ಇದನ್ನೆಲ್ಲ ಇಷ್ಟು ಹೇಳಲು ಕಾರಣವಿದೆ. ತರಗತಿಗೆ ಬರಬಹುದಾದ ಒಬ್ಬರ ಬಗ್ಗೆ ಮಾತು ಬಂದಾಗ ನಮ್ಮವರೇ ಒಬ್ಬರು, ‘ಅವರು ಮುಂಜಾನೆ ಹಾಲಿನ ಗಾಡಿ ಹೊಡೀತಾರಂತ. ಅಂಥವರು ಕಾಲೇಜಿನಾಗ ಏನ್ ಕಲಸ್ತಾರ್ರೀ?’ ಎಂದರು. ಹಲವರು ನಕ್ಕರು. ನನಗೆ ನಗೆ ಬರಲಿಲ್ಲ. ಉಯೆಶಿಬಾ ಹೊಲ ಉತ್ತರು, ಕಾನೋ ಪಾಠ ಹೇಳಿದರು, ಅಯ್ಯರ್ ಕಾದಂಬರಿ ಬರೆದರು. ಅದರಿಂದ ಅವರ ವಿದ್ಯೆಗೆ ಕುಂದು ಬರಲಿಲ್ಲ. ಸೋಮೇಶ್ವರನ ಕಾಲಕ್ಕೆ ಕೆಲವು ವರ್ಷಗಳ ನಂತರ ಅದೇ ಕಲ್ಯಾಣದಲ್ಲಿ ಸೇರಿದ ಶರಣರು, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು, ಕಾಯಕವನ್ನು ಹೆಸರಿನ ಮುಂದೆ ಇಟ್ಟುಕೊಂಡೇ ನಮಗೆ ಉಳಿದಿದ್ದಾರೆ. ಆ ನೆಲದವರಾದ ನಾವು ಹಾಲಿನ ಗಾಡಿಗೆ ಮೂಗು ಮುರಿಯುವುದು ಹೇಗೆ?

ಲೆಕ್ಕವನ್ನೂ ನೋಡಬೇಕು. ಶಾಲಾ ಬಾಲಕಿಯರಿಗಾಗಿ ಸಮಗ್ರ ಶಿಕ್ಷಾ ಅಡಿಯಲ್ಲಿ ರೂಪಿಸಿದ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿಗೆ ಗೊತ್ತುಪಡಿಸಿದ್ದು ಮೂರು ತಿಂಗಳು, ಶಾಲೆಯೊಂದಕ್ಕೆ ತಿಂಗಳಿಗೆ ೫೦೦೦ ರೂಪಾಯಿ. ಈ ಹಣದಲ್ಲಿ ಯಾರ ಸಂಸಾರವೂ ನಡೆಯದು. ಕಲಿಸುವವರಿಗೆ ಇನ್ನೊಂದು ಕಾಯಕವಿರುವುದು ಹೀಗೆ ಅನಿವಾರ್ಯವಾಗಿದೆ. ನನ್ನ ದೃಷ್ಟಿಯಲ್ಲಿ ಅದು ಅವರ ಪರವಾಗಿ ಹೇಳತಕ್ಕ ಸಂಗತಿ. ಶುಲ್ಕವನ್ನೇ ನೆಚ್ಚಿ ಕೂತವನು ಮೂರು ತಿಂಗಳಲ್ಲಿ ಎಲ್ಲರಿಗೂ ಒಂದೊಂದು ಬಣ್ಣದ ಪಟ್ಟಿ ಕಟ್ಟಿಯೇ ತೀರಬೇಕಾಗುತ್ತದೆ. ಹೊಟ್ಟೆಗೆ ಬೇರೆ ದಾರಿಯಿರುವವನು ‘ನಿನಗಿನ್ನೂ ಬಂದಿಲ್ಲ ತಂಗಿ’ ಎನ್ನಬಲ್ಲ.

ಆದರೆ ಎಂತಹ ಒಳ್ಳೆಯವರೇ ಆಗಲಿ, ಹುಡುಗಿಯರಿಗೆ ಕಲಿಸುವಾಗ ಕೇಳಲೇಬೇಕಾದ ಬೇರೆ ಮಾತುಗಳಿವೆ. ಇಲ್ಲಿ ಮುಟ್ಟದೆ ಪಾಠವಿಲ್ಲ. ಯಾವ ಹಿಡಿತ, ಏಕೆ ಎಂದು ಮುಂಚಿತವಾಗಿ ಹೇಳುತ್ತಾರೆಯೇ? ಬೇಡವೆಂದರೆ ಕೈ ಬಿಡುತ್ತಾರೆಯೇ? ಜೊತೆಗೆ ಒಬ್ಬ ಮಹಿಳೆ ಇರುತ್ತಾರೆಯೇ? ಪೊಲೀಸ್ ಪರಿಶೀಲನೆ ಆಗಿದೆಯೇ? ಇವನ್ನು ಕೇಳಿದರೆ ಗುರುವಿಗೆ ಅವಮಾನವೆಂದು ಕೆಲ ಹಿರಿಯರು ಹೇಳುತ್ತಾರೆ. ಅಪರಿಚಿತನ ಹಿಡಿತದಿಂದ ಬಿಡಿಸಿಕೊಳ್ಳುವುದನ್ನು ಕಲಿಯಲು ಹೊರಟವರು, ಮೊದಲು ಒಬ್ಬ ಅಪರಿಚಿತನಿಗೆ ಕಣ್ಣುಮುಚ್ಚಿ ಕೈ ಕೊಡಬೇಕೆಂಬ ಈ ವಾದ ನನಗೆ ಅರ್ಥವಾಗುವುದಿಲ್ಲ. ನಿಜವಾಗಿ ಕಲಿತವರು ಇಂತಹ ಪ್ರಶ್ನೆಗೆ ಮುನಿಯಲಾರರು. ಗುರುವಿನ ಹೆಸರು ಹೇಳುವ ಅವಕಾಶ ಸಿಕ್ಕಿತೆಂದು ಹಿಗ್ಗುತ್ತಾರೆ.

ನಮ್ಮ ದೈಹಿಕ ಶಿಕ್ಷಣ ವಿಭಾಗದ ಗುರುಗಳಲ್ಲಿ ನನ್ನ ಬಿನ್ನಹವಿಷ್ಟು. ತರಗತಿ ಆರಂಭವಾಗುವ ಮುನ್ನ, ಬರುವವರಿಂದ ಒಂದು ಹಾಳೆಯಲ್ಲಿ ಬರೆಯಿಸಿಕೊಳ್ಳಬೇಕು: ಯಾರಲ್ಲಿ ಕಲಿತಿರಿ, ಎಷ್ಟು ವರ್ಷ, ಈಗಲೂ ಯಾರಲ್ಲಾದರೂ ಕಲಿಯುತ್ತಿರುವಿರಾ, ನಿಮ್ಮಲ್ಲಿ ಕಲಿತವರಾರಾದರೂ ಬಂದು ನಮ್ಮೊಡನೆ ಮಾತನಾಡುವರೇ, ಯಾರಿಗಾದರೂ ಪೆಟ್ಟಾದರೆ ಏನು ಮಾಡುವಿರಿ, ನಿಮ್ಮ ಕಾಯಕವೇನು. ಕಡೆಯದನ್ನು ಸಂಕೋಚವಿಲ್ಲದೆ ಬರೆಯಲಿ. ಆ ಹಾಳೆಯನ್ನು ಆಫೀಸಿನ ಮುಂದಿನ ಫಲಕಕ್ಕೆ ಅಂಟಿಸಿದರೆ ಸಾಲದು, ವಿದ್ಯಾರ್ಥಿನಿಯರ ವಿಶ್ರಾಂತಿ ಕೋಣೆಯಲ್ಲಿಯೂ ಒಂದು ಪ್ರತಿಯಿರಲಿ. ಆಫೀಸಿನ ಫಲಕದ ಮುಂದೆ ನಿಂತ ಗಂಡುಮಕ್ಕಳ ಗುಂಪು ನಮ್ಮ ಕಾಲೇಜಿನಲ್ಲಿ ಗಂಟೆ ಬಾರಿಸಿದರೂ ಸರಿಯುವುದಿಲ್ಲ.