ಒಡೆತನವೂ ನವೋನ್ಮೇಷವೂ

ದೊಡ್ಡ ತಂತ್ರಜ್ಞಾನ ಸಂಸ್ಥೆಯೊಂದು ಸಣ್ಣದನ್ನು ಕೊಂಡುಕೊಂಡ ವಾರ್ತೆ ಬಂದಾಗಲೆಲ್ಲ ನಮ್ಮವರು ಕ್ರಯದ ಮೊತ್ತವನ್ನು ಕೇಳಿ ಬೆರಗಾಗುತ್ತಾರೆ. ಕೊಂಡುದೇನು, ಕೈಸೇರಿದುದೇನು ಎಂಬ ವಿಚಾರ ಮಾತ್ರ ಹಿಂದೆ ಬೀಳುತ್ತದೆ. ಹಣದಿಂದ ಒಡೆತನವು ಬದಲಾಗಬಹುದು. ಹೊಸತನ್ನು ಕಾಣುವ ಬುದ್ಧಿಯು ಕ್ರಯಪತ್ರದೊಡನೆ ಬಾರದೆಂಬುದು ನನ್ನ ಅಭಿಮತ.

ಸ್ಕೈಪ್‌ನ ವೃತ್ತಾಂತವನ್ನೇ ನೋಡೋಣ. ಸ್ವೀಡನ್ನಿನ ನಿಕ್ಲಾಸ್ ಜೆನ್‌ಸ್ಟ್ರೋಮ್, ಡೆನ್ಮಾರ್ಕಿನ ಯಾನುಸ್ ಫ್ರಿಸ್ ಎಂಬಿಬ್ಬರು ಎಸ್ಟೋನಿಯಾದ ಕೆಲವೇ ತಂತ್ರಜ್ಞರ ನೆರವಿನಿಂದ 2003ರಲ್ಲಿ ಅದನ್ನು ಹೊರತಂದರು. ದೊಡ್ಡ ದೂರವಾಣಿ ಕೇಂದ್ರದ ಹಂಗಿಲ್ಲದೆ, ಬಳಸುವವರ ಗಣಕಯಂತ್ರಗಳೇ ಒಂದಕ್ಕೊಂದು ಹೆಗಲುಕೊಟ್ಟು ಧ್ವನಿಯನ್ನು ಸಾಗಿಸುವ ಉಪಾಯ ಅವರದು. ಮಕ್ಕಳನ್ನು ಪರದೇಶಕ್ಕೆ ಕಳುಹಿಸಿದ ಎಷ್ಟೋ ತಂದೆತಾಯಿಗಳು ಅವರ ಮುಖವನ್ನು ದೂರದಿಂದ ಮೊದಲು ಕಂಡುದು ಇದರಲ್ಲಿಯೇ. 2005ರಲ್ಲಿ ಅಮೆರಿಕದ ಈಬೇ ಇದನ್ನು ಸುಮಾರು 260 ಕೋಟಿ ಡಾಲರಿಗೆ ಕೊಂಡಿತು. ತನ್ನ ಪೇಟೆಯಲ್ಲಿ ಮಾರುವವನೂ ಕೊಳ್ಳುವವನೂ ಪರಸ್ಪರ ಮಾತನಾಡಲೆಂಬುದು ಅದರ ಎಣಿಕೆ. ಅದು ಫಲಿಸಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಸಂಪರ್ಕದ ಮೂಲತಂತ್ರದ ಹಕ್ಕು ಸ್ಥಾಪಕರ ಮತ್ತೊಂದು ಸಂಸ್ಥೆಯಲ್ಲಿಯೇ ಉಳಿದಿದ್ದಿತು! ಮರವನ್ನು ಕೊಂಡವನಿಗೆ ಬೇರು ದಕ್ಕಿರಲಿಲ್ಲ. 2009ರಲ್ಲಿ ವ್ಯಾಜ್ಯವೆದ್ದು, ರಾಜಿಯಾಗಿ, ಬಹುಪಾಲು ಒಡೆತನವು ಹೂಡಿಕೆದಾರರಿಗೆ ಹೋಯಿತು. 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರ್ ತೆತ್ತು ಕೊಂಡಿತು. 2025ರ ಮೇ ತಿಂಗಳಲ್ಲಿ ಅದೇ ಸಂಸ್ಥೆ ಸ್ಕೈಪನ್ನು ಮುಚ್ಚಿತು.

ದೂರದಲ್ಲಿದ್ದವರನ್ನು ಸಭೆ ಸೇರಿಸುವ ವೆಬೆಕ್ಸ್ ಎಂಬ ಸಂಸ್ಥೆಯ ಕಥೆಯೂ ವಿಚಾರಾರ್ಹ. ಸಿಸ್ಕೋ ಅದನ್ನು 2007ರಲ್ಲಿ ಸುಮಾರು 320 ಕೋಟಿ ಡಾಲರಿಗೆ ಕೊಂಡಿತು. ಅಲ್ಲಿ 1997ರಿಂದ ದುಡಿಯುತ್ತಿದ್ದ ಎರಿಕ್ ಯುವಾನ್ ಅವರು ಹಳೆಯ ವ್ಯವಸ್ಥೆಯನ್ನು ಬುಡದಿಂದ ಹೊಸದಾಗಿ ಕಟ್ಟೋಣವೆಂದರು, ಮನ್ನಣೆ ದೊರೆಯಲಿಲ್ಲ. 2011ರಲ್ಲಿ ಹೊರಬಂದು ಜೂಮ್ ಸಂಸ್ಥೆಯನ್ನು ಸ್ಥಾಪಿಸಿದರು. 2020ರ ಮಹಾಮಾರಿಯ ದಿನಗಳಲ್ಲಿ ಶಾಲೆಗಳು ಬಾಗಿಲಿಕ್ಕಿದಾಗ ಲೋಕವೆಲ್ಲ ಯಾವುದರತ್ತ ತಿರುಗಿತೆಂಬುದನ್ನು ಉಪಾಧ್ಯಾಯ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ. ಸಿಸ್ಕೋಗೆ ಹಣದ ಕೊರತೆಯಿರಲಿಲ್ಲ, ಜಾಣರ ಕೊರತೆಯೂ ಇರಲಿಲ್ಲ. ಒಳಗಿನವನ ಮಾತಿಗೆ ಕಿವಿಯಿರಲಿಲ್ಲ, ಅಷ್ಟೆ.

ಹಾಗೆಂದು ದೊಡ್ಡ ಸಂಸ್ಥೆಯ ಕೈಸೇರಿದುದೆಲ್ಲ ಕೆಡುವುದೆನ್ನುವುದು ಅವಿಚಾರ. ಆಂಡ್ರಾಯ್ಡ್ ಎಂಬ ಪುಟ್ಟ ಸಂಸ್ಥೆಯನ್ನು 2005ರಲ್ಲಿ ಕೊಂಡ ಗೂಗಲ್, ಅದರ ಸ್ಥಾಪಕರಲ್ಲೊಬ್ಬರಾದ ಆಂಡಿ ರೂಬಿನ್ ಅವರ ಕೈಯಲ್ಲಿಯೇ 2013ರವರೆಗೆ ಅದನ್ನು ಬಿಟ್ಟಿತು. ಮೊದಲ ಫೋನು ಹೊರಬಂದುದು 2008ರಲ್ಲಿ. ಗಳಿಕೆಯಿಲ್ಲದೆ ಮೂರು ವರ್ಷ ಕಾಯುವ ಕಸುವು ಸಣ್ಣವರಿಗೆ ಎಲ್ಲಿಂದ ಬರಬೇಕು?

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇಂತಹ ಸಣ್ಣ ಸಂಸ್ಥೆಗಳನ್ನು ಕಟ್ಟುತ್ತಿರುವವರು ಇರಬಹುದು. ದಾನಿಗಳಲ್ಲಿ ಕೆಲವರು ಕೊಳ್ಳುವ ಪಕ್ಷದವರೂ ಆಗಿರಬಹುದು. ಕ್ರಯಪತ್ರಕ್ಕೆ ರುಜು ಹಾಕುವ ಮುನ್ನ, ಮೂಲತಂತ್ರದ ಹಕ್ಕು ಯಾರದು, ಮುಂದೆ ಕೆಲಸದ ವಿಷಯದಲ್ಲಿ ಕಡೆಯ ಮಾತು ಯಾರದು ಎಂಬೆರಡನ್ನು ಉಭಯತರೂ ಬರೆಸಿಕೊಳ್ಳಲಿ. ಮೊತ್ತದ ಚೌಕಾಸಿಯನ್ನು ಆಮೇಲೆ ಮಾಡಬಹುದು.