ಗಡಿ ದಾಟಿದ ಬಿಡಾರ

ಮಿರಜ ಜಂಕ್ಷನ್ನಿನಿಂದ ಬೆಳಗಾವಿಯ ಕಡೆಗೆ ಹೊರಟ ರೈಲುಗಾಡಿ ವಿಜಯನಗರವೆಂಬ ಚಿಕ್ಕ ನಿಲ್ದಾಣವನ್ನು ದಾಟಿ ಶೇಡಬಾಳಕ್ಕೆ ಬಂದು ನಿಲ್ಲುವಷ್ಟರಲ್ಲಿ ಒಂದು ರಾಜ್ಯ ಮುಗಿದು ಇನ್ನೊಂದು ಮೊದಲಾಗಿರುತ್ತದೆ. ಗಾಡಿಯೊಳಗಿನವರಿಗೆ ಇದರ ಅರಿವೇ ಆಗುವುದಿಲ್ಲ. ಹೊರಗೆ ಅದೇ ಕಪ್ಪು ಮಣ್ಣು, ಅದೇ ಕಬ್ಬು. ಒಳಗೆ ಅದೇ ಅರ್ಧ ಕನ್ನಡ, ಅರ್ಧ ಮರಾಠಿಯ ಹರಟೆ. ಪ್ರವಾಸಿಗೆ ಇಷ್ಟು ಸುಲಭವಾದ ಈ ಗಡಿ, ಪಾತ್ರೆಪಗಡ ಕಟ್ಟಿಕೊಂಡು ಮಕ್ಕಳೊಡನೆ ದಾಟುವ ಸಂಸಾರಕ್ಕೆ ಮಾತ್ರ ಅಷ್ಟು ಸುಲಭವಲ್ಲ. ವಾಚಕರೆ, ಈ ವಾರ ಆ ಮಾತನ್ನೇ ಎತ್ತಿಕೊಂಡಿದ್ದೇನೆ.

ನಾನು ಬಲ್ಲ ಸಂಸಾರವೊಂದು ಹದಿನೆಂಟು ವರ್ಷಗಳಿಂದ ಪುಣೆಯಲ್ಲಿದೆ. ಯಜಮಾನರು ಶೇಡಬಾಳದವರು, ಹತ್ತನೆಯ ತರಗತಿಯವರೆಗೆ ಊರಿನಲ್ಲಿಯೇ ಓದಿದವರು. ಮನೆಯಾಕೆ ಇಚಲಕರಂಜಿಯಲ್ಲಿ ಬೆಳೆದವರು. ಮನೆಮಾತು ಕನ್ನಡ, ಓದಿದ್ದೆಲ್ಲ ಮರಾಠಿ. ಬರುವ ಜೂನಿಗೆ ಮಗ ಒಂಬತ್ತನೆಯ ತರಗತಿಗೆ, ಮಗಳು ನಾಲ್ಕನೆಯದಕ್ಕೆ. ಊರಿನಲ್ಲಿ ಹಳೆಯ ಮನೆ, ನಾಲ್ಕೆಕರೆ ಹೊಲ, ಎಪ್ಪತ್ತು ದಾಟಿದ ತಾಯಿ. ಯಜಮಾನರಿಗೆ ಈಗ ಮನೆಯಲ್ಲಿಯೇ ಕುಳಿತು ಮಾಡಬಹುದಾದ ಕೆಲಸ ದೊರೆತಿರುವುದರಿಂದ ಕರ್ನಾಟಕಕ್ಕೆ ಮರಳುವುದೆಂದು ನಿಶ್ಚಯವಾಗಿದೆ. ಎಲ್ಲಿಗೆ ಎಂಬುದೊಂದೇ ನಿಶ್ಚಯವಾಗಿಲ್ಲ. ಗಂಡನ ಒಲವು ಶೇಡಬಾಳಕ್ಕೆ, ಹೆಂಡತಿಯ ಒಲವು ಬೆಳಗಾವಿಗೆ. ಮಗನ ಒಲವು ಪುಣೆ ಬಿಡದೆ ಇರುವುದಕ್ಕೆ. ಮುದುಕಿಯನ್ನು ಕೇಳಿದರೆ, “ಮಿರಜಿಗೆ ಹೋಗಾಕ ರೈಲ ಐತಿ, ಕಾಗವಾಡಕ್ಕ ಬಸ್ ಐತಿ, ಮತ್ತೇನ ಬೇಕವಾ ನಿಮಗ?” ಎನ್ನುತ್ತಾರೆ.

ಆ ಮುದುಕಿಯ ಮಾತಿನಲ್ಲಿ ವಿಷಯದ ತಿರುಳೆಲ್ಲ ಅಡಗಿದೆ. ಗಡಿಯ ಮಗ್ಗುಲಲ್ಲಿ ಬಾಳುವವರಿಗೆ ಕಾಲು ನಡೆಯುವ ಊರು ಒಂದು, ಕಾಗದ ನಡೆಯುವ ಊರು ಇನ್ನೊಂದು. ಶೇಡಬಾಳದವರ ಕಾಲು ಮದುವೆಯ ಜವಳಿಗೆ, ಹೆರಿಗೆಗೆ, ಎದೆನೋವಿಗೆ ಮಿರಜ-ಸಾಂಗಲಿಯತ್ತಲೇ ತಿರುಗುತ್ತದೆ. ಕೆನಡಾ ಮೂಲದ ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ ೧೮೯೪ರಲ್ಲಿ ಮಿರಜಿನಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಕೃಷ್ಣೆಯ ಎರಡೂ ದಡದ ರೋಗಿಗಳು ಆ ದಾರಿ ಹಿಡಿದಿದ್ದಾರೆ. ಕಾಗದಗಳ ದಾರಿ ಬೇರೆ. ಅವು ಹಿಂದೆ ಅಥಣಿಗೆ ಹೋಗುತ್ತಿದ್ದವು. ೨೦೧೮ರಲ್ಲಿ ಕಾಗವಾಡ ಪ್ರತ್ಯೇಕ ತಾಲೂಕಾದ ಮೇಲೆ ಅಲ್ಲಿಗೆ, ಅಲ್ಲಿಂದ ನೂರು ಕಿಲೋಮೀಟರಿಗೂ ದೂರದ ಬೆಳಗಾವಿಗೆ. ಪುಣೆಯಲ್ಲಿದ್ದವರಿಗೆ ಈ ಎರಡು ಊರುಗಳೂ ಒಂದೇ ಆಗಿದ್ದುದರಿಂದ ಭೇದವು ಹೊಳೆಯುವುದಿಲ್ಲ. ಬಾಡಿಗೆ ಎಷ್ಟು, ನೀರು ಎಷ್ಟು ಹೊತ್ತು ಬರುತ್ತದೆ ಎಂದು ವಿಚಾರಿಸಿ ಬಿಡಾರ ಹೂಡುತ್ತಾರೆ. ಅವೆಲ್ಲ ವಿಚಾರಿಸಬೇಕಾದವೇ. ಆದರೆ ಬಾಡಿಗೆಯಲ್ಲಿ ಮೋಸಹೋದರೆ ಹನ್ನೊಂದು ತಿಂಗಳಲ್ಲಿ ಮನೆ ಬದಲಾಯಿಸಬಹುದು. ಮಗುವಿನ ಶಾಲೆಯ ವರ್ಷಗಳನ್ನು ಮರಳಿ ತರುವುದು ಹೇಗೆ?

ಈ ಶಾಲೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಜಿನಿಯರಿಂಗ್, ವೈದ್ಯಕೀಯ ಮೊದಲಾದ ಕಾಲೇಜುಗಳಲ್ಲಿ ಸರ್ಕಾರದ ಪಾಲಿನ ಸೀಟುಗಳಿಗೆ ಯಾರು ಅರ್ಹರೆಂಬುದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಿವೆ. ಮುಖ್ಯ ನಿಯಮವಿದು: ಒಂದನೆಯ ತರಗತಿಯಿಂದ ಎರಡನೆಯ ಪಿ.ಯು.ಸಿ.ಯವರೆಗಿನ ಹನ್ನೆರಡು ವರ್ಷಗಳಲ್ಲಿ ಕನಿಷ್ಠ ೭ ವರ್ಷ ಕರ್ನಾಟಕದ ಮಾನ್ಯತೆಯುಳ್ಳ ಶಾಲೆಯಲ್ಲಿ ಓದಿರಬೇಕು. ಹತ್ತನೆಯದನ್ನಾಗಲಿ ಎರಡನೆಯ ಪಿ.ಯು.ಸಿ.ಯನ್ನಾಗಲಿ ಇಲ್ಲಿ ಮುಗಿಸಿರಬೇಕು. ನನ್ನ ಪರಿಚಯದ ಸಂಸಾರದಲ್ಲಿ ಮಗಳಿಗೆ ತೊಂದರೆಯಿಲ್ಲ. ನಾಲ್ಕರಿಂದ ಹನ್ನೆರಡರವರೆಗೆ ಒಂಬತ್ತು ವರ್ಷ ದೊರೆಯುತ್ತದೆ. ಮಗನಿಗೆ ನಾಲ್ಕೇ ವರ್ಷ. ಅವನು ನಾಳೆಯೇ ಬಂದರೂ ಏಳು ತುಂಬುವುದಿಲ್ಲ.

ಹಾಗೆಂದು ಅವನ ಬಾಗಿಲು ಮುಚ್ಚಿಲ್ಲ. ತಂದೆತಾಯಿಗಳಲ್ಲಿ ಒಬ್ಬರು ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಹುಡುಗನು ಪಿ.ಯು.ಸಿ.ಯ ಎರಡೂ ವರ್ಷಗಳನ್ನು ಇಲ್ಲಿ ಓದಿದರೆ ಸಾಕೆಂಬ ಇನ್ನೊಂದು ನಿಯಮವುಂಟು. ತಾಯಿ ಓದಿದ್ದು ಇಚಲಕರಂಜಿಯಲ್ಲಿ, ಅದು ಲೆಕ್ಕಕ್ಕೆ ಬಾರದು. ತಂದೆ ಓದಿದ್ದು ಶೇಡಬಾಳದಲ್ಲಿ. ಹೀಗಾಗಿ ಮೂವತ್ತು ವರ್ಷದ ಹಿಂದೆ ಅವರು ಶಾಲೆ ಬಿಡುವಾಗ ಕೈಗೆ ಬಂದು, ಎಂದೋ ಟ್ರಂಕಿನ ತಳ ಸೇರಿದ ದಾಖಲೆಯು ಇಂದು ನಾಲ್ಕೆಕರೆ ಹೊಲದ ಉತಾರಕ್ಕಿಂತ ಬೆಲೆಯುಳ್ಳದ್ದಾಗಿದೆ. ವ್ಯಾಸಂಗದ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರಿಂದ ಪಡೆದು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜನ್ನೂ ಮಾಡಿಸಿಟ್ಟುಕೊಳ್ಳಬೇಕು. ಶಾಲೆಯ ಹಳೆಯ ರಜಿಸ್ಟರುಗಳಿಗೆ ಗೆದ್ದಲಿನ ಭಯವಿರುವುದರಿಂದ ಈ ಕೆಲಸವನ್ನು ಮನೆಗೆ ಸುಣ್ಣ ಬಳಿಯುವುದಕ್ಕಿಂತ ಮೊದಲು ಮಾಡುವುದು ಲೇಸು. ನಿಯಮಗಳ ಪುಸ್ತಿಕೆ ವರ್ಷವರ್ಷವೂ ಹೊರಡುತ್ತದೆ. ಆಯಾ ವರ್ಷದ್ದನ್ನೇ ನೋಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಗುಂಡಿಯನ್ನು ತೋರಿಸಬೇಕು. ಶೇಡಬಾಳದಲ್ಲಿ ಮನೆ ಮಾಡಿದವರಿಗೆ ಸಾಂಗಲಿಯ ದೊಡ್ಡ ಶಾಲೆಗಳು ಕೈ ಬೀಸಿ ಕರೆಯುತ್ತವೆ. ಬೆಳಿಗ್ಗೆ ಗಾಡಿ ಹತ್ತಿದರೆ ಸಂಜೆಗೆ ಮಗು ಮನೆಯಲ್ಲಿ. ಆಯಿಯ ಕೈತುತ್ತೂ ಉಂಟು, ಪೇಟೆಯ ವಿದ್ಯೆಯೂ ಉಂಟು ಎಂದು ತೋರುತ್ತದೆ. ಆದರೆ ಮೇಲೆ ಹೇಳಿದ ನಿಯಮವು ಮಗು ಮಲಗುವ ಊರನ್ನು ಕೇಳುವುದಿಲ್ಲ, ಕಲಿಯುವ ಊರನ್ನು ಕೇಳುತ್ತದೆ. ಮಹಾರಾಷ್ಟ್ರವಾದರೋ ಸಾಮಾನ್ಯವಾಗಿ ಅಲ್ಲಿ ಓದಿದ್ದಕ್ಕೆ ಜೊತೆಗೆ ವಾಸದ ಪ್ರಮಾಣಪತ್ರವನ್ನೂ ಬೇಡುತ್ತದೆ. ಅದಕ್ಕೆ ಹದಿನೈದು ವರ್ಷದ ವಾಸ ಬೇಕು. ಒಂದು ರಾಜ್ಯದಲ್ಲಿ ಮಲಗಿ ಇನ್ನೊಂದರಲ್ಲಿ ಕಲಿತ ಮಗು ಕಡೆಗೆ ಎರಡು ಕಡೆಯೂ ಹೊರಗಿನದಾಗುವ ಸಂಭವವುಂಟು. ಕಾಲು ಎತ್ತ ಬೇಕಾದರೂ ನಡೆಯಲಿ. ಮಗುವಿನ ಶಾಲೆಯ ಹಾಜರಿ ಮಾತ್ರ ಮನೆಯ ಕಾಗದಗಳಿರುವ ರಾಜ್ಯದಲ್ಲಿಯೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಗಡಿನಾಡ ಕನ್ನಡಿಗರಿಗೆ ರಿಯಾಯಿತಿ ಇಲ್ಲವೇ ಎಂದು ಕೆಲವರು ಕೇಳಬಹುದು. ಇದೆ. ಮಹಾರಾಷ್ಟ್ರದಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮಾತೃಭಾಷೆಯವರು ಅಲ್ಲಿಯೇ ಓದಿದರೂ ಕರ್ನಾಟಕದ ಸೀಟಿಗೆ ನಿಲ್ಲಬಹುದು. ಜತ್ತ ಅದರಲ್ಲುಂಟು, ಶೇಡಬಾಳಕ್ಕೆ ಹದಿನೈದಿಪ್ಪತ್ತು ಕಿಲೋಮೀಟರ್ ದೂರದ ಮಿರಜ ಇಲ್ಲ, ಇಚಲಕರಂಜಿಯೂ ಇಲ್ಲ. ಕನ್ನಡ ಎಷ್ಟು ಕೇಳಿಬರುತ್ತದೆಂಬುದರ ಮೇಲೆ ನಿಂತ ಪಟ್ಟಿಯಲ್ಲ ಅದು; ರಾಜ್ಯಗಳ ವ್ಯಾಜ್ಯದ ಮೇಲೆ ನಿಂತದ್ದು.

ಹಾಗೆ ನೋಡಿದರೆ ಈ ಭಾಗದ ಜನಕ್ಕೆ ರಾಜ್ಯ ದಾಟುವುದು ಹೊಸದೇನಲ್ಲ. ಕುರುಂದವಾಡದ ಪಟವರ್ಧನರ ಜಹಗೀರು ೧೮೧೧ರಲ್ಲಿ ಹೋಳಾದಾಗ ಶೇಡಬಾಳವೇ ಒಂದು ಬೇರೆ ಪಾಲಾಗಿತ್ತು. ಗಂಡು ಸಂತಾನವಿಲ್ಲದೆ ೧೮೫೭ರಲ್ಲಿ ಬ್ರಿಟಿಷರ ವಶವಾಯಿತು. ಸುತ್ತಮುತ್ತ ಸಾಂಗಲಿ, ಮಿರಜ, ಕೊಲ್ಲಾಪುರ, ಜಮಖಂಡಿ, ಜತ್ತ ಎಂದು ಸಂಸ್ಥಾನಗಳ ಸಾಲು. ಮಗಳನ್ನು ಎರಡು ಹರದಾರಿ ಆಚೆಗೆ ಕೊಟ್ಟರೆ ಬೇರೊಬ್ಬ ರಾಜನ ಪ್ರಜೆಯಾಗುತ್ತಿದ್ದಳು. ೧೯೫೬ರ ನವೆಂಬರ್ ೧ರಂದು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಾಗ ಶೇಡಬಾಳದಲ್ಲಿ ಯಾರೂ ಗಂಟುಮೂಟೆ ಕಟ್ಟಬೇಕಾಗಲಿಲ್ಲ. ಜನ ಇದ್ದಲ್ಲಿಯೇ ಇದ್ದರು, ರಾಜ್ಯವೇ ಸರಿಯಿತು. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ೧೯೦೬ರಲ್ಲಿ ಹುಟ್ಟಿದ ವಿದ್ವಾಂಸ ಆ. ನೇ. ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾದಾಗ ಅದೊಂದು ಸಂಸ್ಥಾನ. ೧೯೪೯ರಲ್ಲಿ ಮುಂಬಯಿಗೆ ಸೇರಿತು, ೧೯೬೦ರಲ್ಲಿ ಮಹಾರಾಷ್ಟ್ರಕ್ಕೆ. ಒಂದೇ ಊರಿನಲ್ಲಿದ್ದು ಮೂರು ಆಡಳಿತಗಳನ್ನು ಕಂಡ ಅವರನ್ನು ೧೯೬೭ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಕರೆದರು. ಶೇಡಬಾಳದ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದ ಜೈನಮುನಿ ವಿದ್ಯಾನಂದರಂತೂ (೧೯೨೫–೨೦೧೯) ಎಲ್ಲಿಯೂ ಮನೆ ಮಾಡುವಂತಿರಲಿಲ್ಲ. ಮುನಿಗಳಿಗೆ ಚಾತುರ್ಮಾಸದ ಹೊರತು ನೆಲೆ ನಿಲ್ಲುವ ಪದ್ಧತಿಯಿಲ್ಲ. ಬಾಡಿಗೆಯ ಚಿಂತೆಯಿಲ್ಲದ ಬಾಳು!

ಗೃಹಸ್ಥರಿಗೆ ಹೊಂದುವ ಉದಾಹರಣೆ ಲಕ್ಷ್ಮಣರಾವ್ ಕಿರ್ಲೋಸ್ಕರರದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡುತ್ತಿದ್ದವರು ಕಾರ್ಖಾನೆಯ ಜಾಗವನ್ನು ಬಿಡಬೇಕಾಗಿ ಬಂದಾಗ ೧೯೧೦ರಲ್ಲಿ ಔಂಧ ಸಂಸ್ಥಾನಕ್ಕೆ ಹೋದರು. ಅಲ್ಲಿಯ ರಾಜರು ಕೊಟ್ಟದ್ದು ಪಾಪಾಸುಕಳ್ಳಿ ಬೆಳೆದ ಬರಡು ಭೂಮಿ. ಬರಡಾದರೂ ಮಗ್ಗುಲಲ್ಲಿ ಕುಂಡಲ ರೋಡ್ ರೈಲು ನಿಲ್ದಾಣವಿತ್ತು. ಮನೆಯನ್ನು ಕಟ್ಟಿಕೊಳ್ಳಬಹುದು, ಗಿಡ ನೆಟ್ಟುಕೊಳ್ಳಬಹುದು. ರೈಲುದಾರಿಯನ್ನು ತಾವಾಗಿ ತಂದುಕೊಳ್ಳುವುದಾಗದು. ತಮ್ಮಿಂದ ಮಾಡಿಕೊಳ್ಳಲಾಗದ್ದು ಯಾವುದೋ ಅದು ಇದ್ದಲ್ಲಿ ನೆಲೆ ನಿಂತರು, ಉಳಿದುದನ್ನು ಕಟ್ಟಿಕೊಂಡರು. ಆ ನಿಲ್ದಾಣದ ಹೆಸರೇ ಮುಂದೆ ಕಿರ್ಲೋಸ್ಕರವಾಡಿ ಎಂದಾಯಿತು.

ಶೇಡಬಾಳದ ಸುತ್ತಲಿನ ಹಳ್ಳಿಗಳಲ್ಲಿ ಹೊಸದಾಗಿ ಜಾಗ ಕೊಳ್ಳುವವರು ಎರಡು ಸಂಗತಿಗಳನ್ನು ದಲಾಲರನ್ನಲ್ಲ, ನೆರೆಯ ಮುದುಕಿಯರನ್ನು ಕೇಳಬೇಕು. ೨೦೦೫ರಲ್ಲಿ ಮತ್ತು ೨೦೧೯ರಲ್ಲಿ ಕೃಷ್ಣೆ ಎಲ್ಲಿಯವರೆಗೆ ಬಂದಿತ್ತು? ಬೇಸಿಗೆಯಲ್ಲಿ ಕಾಲೊಣಗಿದ ಜಾಗವು ಪ್ರವಾಹದ ನೆನಪನ್ನು ತಾನಾಗಿ ಹೇಳುವುದಿಲ್ಲ. ಎರಡನೆಯದು ಸವಳು-ಜವಳು. ಕಬ್ಬಿಗೆ ಅತಿಯಾಗಿ ನೀರು ಹಾಯಿಸಿ ನೆಲದಡಿಯ ನೀರು ಮೇಲೇರಿದಲ್ಲಿ ಉಪ್ಪು ಹೊಲದಲ್ಲಿಯೇ ನಿಲ್ಲುವುದಿಲ್ಲ, ಗೋಡೆಗೂ ಏರುತ್ತದೆ. ಅಗ್ಗವಾಗಿ ಸಿಕ್ಕ ಎರೆಮಣ್ಣಿನ ಜಾಗದಲ್ಲಿ ಅಡಿಪಾಯಕ್ಕೆ ತೆರುವ ಹಣವನ್ನು ಸೇರಿಸಿ ಲೆಕ್ಕ ಮಾಡಿದರೆ ಅದು ಅಗ್ಗವಾಗಿ ಉಳಿಯುವುದಿಲ್ಲ.

ಚಿಲ್ಲರೆ ಕಾಗದಗಳು ಹಲವು. ಮೋಟಾರು ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಹೊಸ ರಾಜ್ಯದಲ್ಲಿ ಇರಿಸುವುದಾದರೆ ನೋಂದಣಿ ಬದಲಾಯಿಸಬೇಕು, ತೆರಿಗೆ ಕಟ್ಟಬೇಕು. ಹಳೆಯ ಕಾರನ್ನು ಅಲ್ಲಿಯೇ ಮಾರಿಬರುವುದು ಎಷ್ಟೋ ಸಲ ಲಾಭ. ಬಡವರಿಗಿರುವ ಆರೋಗ್ಯದ ಕಾರ್ಡುಗಳು ಗಡಿಯಾಚೆಯ ಯಾವ ಆಸ್ಪತ್ರೆಯಲ್ಲಿ ನಡೆಯುತ್ತವೆಂದು ಆರೋಗ್ಯವಾಗಿರುವಾಗಲೇ ವಿಚಾರಿಸಬೇಕು. ಮೀಸಲಾತಿಯ ಜಾತಿಪತ್ರವು ವಲಸೆ ಹೋದವರೊಡನೆ ರಾಜ್ಯ ದಾಟುವುದಿಲ್ಲವೆಂದು ಸುಪ್ರೀಂ ಕೋರ್ಟು ೧೯೯೦ರಲ್ಲಿಯೇ ಹೇಳಿದೆ.

ನಮ್ಮ ಸಂಸಾರದ ಕಡೆಗೆ ಬರೋಣ. ಮಗ ಒಂಬತ್ತನೆಯ ತರಗತಿಗೆ ಇಲ್ಲಿಗೆ ಬಂದರೆ ಎರಡೇ ವರ್ಷದಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆಯಬೇಕು. ೨೦೧೫ರ ಕಾಯಿದೆಯಿಂದ ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಡ್ಡಾಯ. ಮಹಾರಾಷ್ಟ್ರವೂ ೨೦೨೦ರಲ್ಲಿ ಮರಾಠಿಗೆ ಹಾಗೆಯೇ ಮಾಡಿದೆ. ಅವನು ಪುಣೆಯಲ್ಲಿಯೇ ಸೋದರಮಾವನ ಮನೆಯಲ್ಲಿದ್ದು ಹತ್ತನೆಯದನ್ನು ಮುಗಿಸಿ, ಪಿ.ಯು.ಸಿ.ಗೆ ಬೆಳಗಾವಿಗೆ ಬರಲಿ ಎಂದು ನಾನು ಹೇಳಿದೆ. ತಂದೆ ಒಪ್ಪಿದರು, ತಾಯಿ ಎರಡು ದಿನ ಮಾತನಾಡಲಿಲ್ಲ. ಮಗನನ್ನು ಎರಡು ವರ್ಷ ಬಿಟ್ಟಿರುವವಳು ಅವಳು, ಸಲಹೆ ಕೊಟ್ಟವನಲ್ಲ. ಶೇಡಬಾಳಕ್ಕೆ ಹೋಗಿ ಅತ್ತೆಯ ಅಡುಗೆಮನೆಯಲ್ಲಿ ನಲವತ್ತನೆಯ ವಯಸ್ಸಿನಲ್ಲಿ ಹೊಸ ಸೊಸೆಯಾಗುವವಳೂ ಅವಳೇ. ಊರು ಗಂಡನಿಗೆ ತವರಿದ್ದಂತೆ. ಹೆಂಡತಿಗೆ ಅದು ಹಬ್ಬಕ್ಕೆ ಬಂದುಹೋದ ಮನೆ. ಆದ್ದರಿಂದ ಅವಳು ಹಾಕಿದ ಎರಡು ಕರಾರುಗಳು ನನಗೆ ನ್ಯಾಯವಾಗಿಯೇ ಕಂಡವು: ಪುಣೆಯ ಮನೆಯನ್ನು ಒಂದು ವರ್ಷ ಮಾರಕೂಡದು, ಬಾಡಿಗೆಗೆ ಕೊಡಬೇಕು, ಮತ್ತು ಶೇಡಬಾಳದ ಮನೆಯಲ್ಲಿ ಅವಳ ಹೊಲಿಗೆಯ ಕೆಲಸಕ್ಕೆ ಬೀದಿಯ ಕಡೆಯ ಕೋಣೆಯನ್ನು ಬಿಟ್ಟುಕೊಡಬೇಕು. ಆ ಕೋಣೆಯಲ್ಲಿ ಈಗ ಜೋಳದ ಚೀಲಗಳಿವೆ. ಅವನ್ನು ಎಲ್ಲಿಡುವುದೆಂದು ತಾಯಿ-ಮಗ ಮಾತನಾಡಿಕೊಳ್ಳುತ್ತಿದ್ದಾರೆ.