ಕಳೆಗೆ ವಿಷವೇಕೆ? ಕೈಗಳಿಲ್ಲವೇ?

ತುಂಬೆಯ ಗಿಡಗಳು ಹೇರಳವಾಗಿದ್ದುದರಿಂದಲೇ ತುಮಕೂರಿಗೆ ಆ ಹೆಸರು ಬಂದಿತೆಂಬ ಮಾತು ನಮ್ಮ ಜನರಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ವಿದ್ವಾಂಸರು ಇದನ್ನು ಒಪ್ಪಲಿ, ಬಿಡಲಿ. ತುಂಬೆಯ ಬಿಳಿಯ ಹೂವು ಶಿವಪೂಜೆಗೆ ಪ್ರಿಯವಾದುದೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಬಟವಾಡಿಯ ಬಡಾವಣೆಗಳಲ್ಲಿ ಇಂದು ಅದೇ ತುಂಬೆಯನ್ನು ಕಳೆಯೆಂದು ಕರೆದು, ಅಂಗಡಿಯಿಂದ ತಂದ ವಿಷವನ್ನು ಹಿತ್ತಿಲಿಗೆ ಸಿಂಪಡಿಸುವ ಪರಿಪಾಠವು ಬೆಳೆಯುತ್ತಿದೆ. ಬೆಳಿಗ್ಗೆ ಇಷ್ಟಲಿಂಗಪೂಜೆಗೆ ಹೂವನ್ನರಸುವ ಕೈಯೇ ಸಂಜೆ ಅದರ ಬೇರಿಗೆ ನಂಜನ್ನು ಎರೆಯುವುದೆಂದರೆ ಇದೆಂತಹ ವಿಪರ್ಯಾಸ!

ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ದುಬಾರಿ ಎಂಬುದು ಇವರು ಕೊಡುವ ಸಮಾಧಾನ. ಗುಬ್ಬಿ, ಕುಣಿಗಲು ಕಡೆಯ ರೈತನು ಎಕರೆಗಟ್ಟಲೆ ತೆಂಗು ಅಡಿಕೆಯ ತೋಟದಲ್ಲಿ ನಿಂತು ಈ ಮಾತನ್ನಾಡಿದರೆ ಕಿವಿಗೊಟ್ಟು ಕೇಳತಕ್ಕದ್ದೇ ಸರಿ. ಆದರೆ ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಮನೆ ಕಟ್ಟಿ, ನಾಲ್ಕು ಚಾಪೆ ಹಾಸುವಷ್ಟು ನೆಲವನ್ನು ಉಳಿಸಿಕೊಂಡವರಿಗೆ ಆಳಿನ ಪ್ರಶ್ನೆಯಾದರೂ ಎಲ್ಲಿಂದ ಬಂದಿತು? ಇಲ್ಲಿರುವ ಕೊರತೆ ಆಳಿನದಲ್ಲ, ಬಗ್ಗುವ ಮನಸ್ಸಿನದು. ಹೊಲವನ್ನು ಉತ್ತು ಬದುಕಿದ ಒಕ್ಕಲಿಗ ಮುದ್ದಣ್ಣನನ್ನು ಶರಣನೆಂದು ಸ್ಮರಿಸುವ ಪರಂಪರೆ ನಮ್ಮದು. ಕಾಯಕವನ್ನು ಕುರಿತು ವೇದಿಕೆಯ ಮೇಲೆ ಗಂಟೆಗಟ್ಟಲೆ ಉಪನ್ಯಾಸ ಮಾಡುವವರಿಗೆ ಮನೆಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಕುಡುಗೋಲು ಹಿಡಿಯುವುದು ಅಪಮಾನವೆನಿಸಿದರೆ, ಆ ಉಪನ್ಯಾಸಗಳಿಂದ ಬಂದ ಫಲವೇನು?

ಇನ್ನು ಆ ವಿಷದ ವಿಚಾರ. ಇವರು ಹೆಚ್ಚಾಗಿ ತರುವ ಗ್ಲೈಫೋಸೇಟು ಎಲೆಯಿಂದ ಬೇರಿಗಿಳಿದು ಸಾಮಾನ್ಯವಾಗಿ ಹಸಿರಾದುದನ್ನೆಲ್ಲ ಕೊಲ್ಲತಕ್ಕದ್ದು. ಗಾಳಿ ಬೀಸಿದರೆ ಪಕ್ಕದ ಮನೆಯ ತುಳಸಿ, ಮಲ್ಲಿಗೆಗಳನ್ನೂ ಅದು ಬಿಡಲಾರದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಇದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಂಕ್ತಿಗೆ ಸೇರಿಸಿತು. ಅಮೆರಿಕದ ಪರಿಸರ ಇಲಾಖೆಯು ಇದನ್ನು ಒಪ್ಪಲಿಲ್ಲವೆಂದು ಅಂಗಡಿಯವರು ವಾದಿಸಬಹುದು. ಪಂಡಿತರಲ್ಲಿ ವಿವಾದವಿದೆಯೆಂಬುದೇ ಮಕ್ಕಳು ಆಡುವ ಅಂಗಳಕ್ಕೆ ಅದನ್ನು ತರದಿರಲು ಸಾಕಾದ ಕಾರಣವಲ್ಲವೇ? 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವೇ, ಪರವಾನಗಿ ಪಡೆದ ಕೀಟನಿಯಂತ್ರಕರ ಹೊರತು ಬೇರಾರೂ ಇದನ್ನು ಬಳಸಕೂಡದೆಂದು ಆಜ್ಞೆ ಹೊರಡಿಸಿತು. ಪ್ಯಾರಾಕ್ವಾಟಿನ ಮಾತಂತೂ ಬೇಡ; ಅದು ಹೊಟ್ಟೆ ಸೇರಿದರೆ ಪ್ರತ್ಯೌಷಧವೇ ಇಲ್ಲ.

ಕಳೆಯೆಂಬ ಹೆಸರನ್ನು ಕೊಟ್ಟವರಾದರೂ ಯಾರು? ಅಣ್ಣೆ, ಗೋಣಿ, ಹೊನಗೊನೆ, ಕಿರಕಸಾಲೆಗಳನ್ನು ಕೂಡಿಸಿ ನಮ್ಮ ತಾಯಂದಿರು ಬೆರಕೆಸೊಪ್ಪಿನ ಸಾರು ಮಾಡಿದರು. ಕಳೆ ಕಿತ್ತ ಮಡಿಲಿನಲ್ಲಿಯೇ ಅಂದಿನ ಅಡುಗೆಯೂ ಮನೆಗೆ ಬರುತ್ತಿತ್ತು. ವಿಷ ಬಿದ್ದ ನೆಲದ ಸೊಪ್ಪನ್ನು ಯಾರು ತಾನೇ ಮುಟ್ಟಿಯಾರು?

ಮಾಡಬೇಕಾದುದು ಬಹಳವೇನಿಲ್ಲ. ಬಿತ್ತುವುದಕ್ಕೆ 15 ದಿನ ಮೊದಲು ಮಡಿಗೆ ನೀರು ಕೊಟ್ಟು, ಮೊಳೆತ ಕಳೆಯನ್ನು ಮೇಲೆಮೇಲೆ ಕೆರೆದು, ಮಣ್ಣನ್ನು ಆಳವಾಗಿ ಕದಡದೆ ಬೀಜ ಹಾಕಿದರೆ ಅರ್ಧ ಕಷ್ಟ ಅಲ್ಲಿಯೇ ತೀರುತ್ತದೆ. ತೆಂಗಿನ ನಾಡಿನಲ್ಲಿ ಗರಿಗೂ ನಾರಿನ ಪುಡಿಗೂ ಬರವೇ? ಗಿಡದ ಬುಡವನ್ನು ಬಿಟ್ಟು ಸುತ್ತಲೂ ನಾಲ್ಕು ಬೆರಳು ದಪ್ಪ ಹೊದಿಸಿದರೆ ಬೆಳಕು ಕಾಣದ ಕಳೆಬೀಜಗಳು ಬಹುಮಟ್ಟಿಗೆ ಮೇಲೇಳುವುದಿಲ್ಲ. ಕಲ್ಲುಹಾಸಿನ ಸಂದಿಗೆ ಕುದಿಯುವ ನೀರು ಸಾಕು. ಉಪ್ಪು ಸುರಿಯಿರೆಂದು ಉಪದೇಶಿಸುವವರೂ ಇದ್ದಾರೆ. ಅವರ ಮಾತು ಕೇಳಿದರೆ ಕಳೆಯೊಡನೆ ನೆಲವೂ ಕೆಟ್ಟೀತು.

ಕಾಂಗ್ರೆಸ್ ಗಿಡವು ನಿಜವಾದ ಶತ್ರು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುವುದರಿಂದ, ಹೂ ಬಿಡುವ ಮೊದಲೇ, ಮಳೆ ಬಿದ್ದು ನೆಲ ಮೆತ್ತಗಿರುವಾಗ ಬೇರುಸಹಿತ ಕೀಳಬೇಕು. ತುರಿಕೆ, ಉಬ್ಬಸ ತರುವ ಗಿಡವಾದುದರಿಂದ ಕೈಚೀಲವೂ ಮೂಗಿಗೆ ಬಟ್ಟೆಯೂ ಅವಶ್ಯ. ಇದನ್ನು ತಿನ್ನುವ ಜೀರುಂಡೆಯನ್ನು ವಿಜ್ಞಾನಿಗಳು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ ಮರುವರ್ಷ ಬಯಲಿಗೆ ಬಿಟ್ಟರು. ಮಳೆಗಾಲದಲ್ಲಿ ಆ ಪುಟ್ಟ ಹುಳು ಎಲೆಗಳನ್ನು ಜರಡಿ ಮಾಡಿರುವುದನ್ನು ಕಂಡರೆ ಅದನ್ನು ಹೊಸಕಬೇಡಿ.

ಕೊನ್ನಾರಿಯೊಂದು ಮಾತ್ರ ಹಠಮಾರಿ. ಮೇಲಿನ ಹುಲ್ಲನ್ನು ಕಿತ್ತರೆ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ಗುದ್ದಲಿಯಿಂದ ಅಗೆದು, ಗೆಡ್ಡೆಗಳನ್ನು ಒಂದೊಂದಾಗಿ ಆರಿಸಿ ಬಿಸಿಲಿಗೆ ಹರವಬೇಕು. ಚಿಗುರಿದಾಗಲೆಲ್ಲ ಮತ್ತೆ ಅಗೆಯಬೇಕು. ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಕೆಲಸ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಬಹುದು.